ಗಡುವು ತಪ್ಪುವ ಮುನ್ನ



ನಿಮಗೆಲ್ಲ ಪರಿಚಿತವಾದ ಒಂದು ಸಂಗತಿಯಿಂದ ಇಂದಿನ ಮಾತನ್ನು ಆರಂಭಿಸೋಣ. ದೀಪಾವಳಿಗೆ ಹೊಸ ಬಟ್ಟೆ ಹೊಲಿಸಬೇಕೆಂದು ನೀವು ತಾಯಿಯೊಡನೆ ದರ್ಜಿಯ ಅಂಗಡಿಗೆ ಹೋಗುತ್ತೀರಿ. “ಶುಕ್ರವಾರ ಬನ್ನಿ, ಸಿದ್ಧವಾಗಿರುತ್ತದೆ” ಎನ್ನುತ್ತಾರೆ ದರ್ಜಿ. ನೀವು ನಂಬುತ್ತೀರಿ. ಆದರೆ ಮನೆಗೆ ಬರುವ ದಾರಿಯಲ್ಲಿ ತಾಯಿ, “ಅವರ ಶುಕ್ರವಾರ ಅಂದರೆ ಮಂಗಳವಾರ ಅಂತ ಲೆಕ್ಕ. ಹಬ್ಬದ ಸಮಯ ಬೇರೆ, ಇನ್ನೆರಡು ದಿನ ಸೇರಿಸಿಕೋ” ಎನ್ನುತ್ತಾರೆ. ಅದೇ ತಾಯಿ ಆಷಾಢದಲ್ಲಾದರೆ, “ಈಗ ಮದುವೆಗಳಿಲ್ಲ, ಹೇಳಿದ ದಿನವೇ ಕೊಡುತ್ತಾರೆ” ಎಂದಾರು.

ಸಾಮಾನ್ಯವಾಗಿ ತಾಯಿಯ ಮಾತೇ ನಿಜವಾಗುತ್ತದೆ. ಅವರು ಜ್ಯೋತಿಷ್ಯ ಕಲಿತವರಲ್ಲ, ಹೊಲಿಗೆಯ ಕೆಲಸವನ್ನು ದರ್ಜಿಗಿಂತ ಚೆನ್ನಾಗಿ ಬಲ್ಲವರೂ ಅಲ್ಲ. ಅವರಲ್ಲಿರುವುದು ಒಂದೇ: ಎಷ್ಟೋ ವರ್ಷಗಳಿಂದ ದರ್ಜಿ ಹೇಳಿದ ದಿನ ಯಾವುದು, ಬಟ್ಟೆ ಕೈಗೆ ಬಂದ ದಿನ ಯಾವುದು ಎಂಬ ನೆನಪು. ಆ ನೆನಪಿನಿಂದ ಅವರು ಹಬ್ಬದ ಸಮಯಕ್ಕೊಂದು, ಆಷಾಢಕ್ಕೊಂದು ನಿಯಮವನ್ನು ತಮಗರಿವಿಲ್ಲದೆಯೇ ಮಾಡಿಕೊಂಡಿದ್ದಾರೆ.

ನಿಮ್ಮ ತಾಯಿ ಮಾಡುವ ಈ ಕೆಲಸವನ್ನೇ ಗಣಕಯಂತ್ರಕ್ಕೆ ಕಲಿಸಿದರೆ ಹೇಗೆ? ತಂತ್ರಾಂಶ, ಅಂದರೆ ಸಾಫ್ಟ್‌ವೇರ್ ತಯಾರಿಸುವವರು ಇಂದು ಮಾಡುತ್ತಿರುವ ಪ್ರಯತ್ನ ಇದೇ. ಯಾವ ಕೆಲಸ ಗಡುವಿನೊಳಗೆ ಮುಗಿಯುತ್ತದೆ, ಯಾವುದು ತಡವಾಗುತ್ತದೆ ಎಂಬುದನ್ನು ಯಂತ್ರ ಕಲಿಕೆಯ ಮೂಲಕ ಮೊದಲೇ ಊಹಿಸುವುದು ಹೇಗೆ, ಆ ಊಹೆಯನ್ನು ಎಷ್ಟು ನಂಬಬೇಕು, ಅದನ್ನು ಹೇಗೆ ಬಳಸಬೇಕು, ಹೇಗೆ ಬಳಸಬಾರದು ಎಂಬುದು ನಮ್ಮ ಇಂದಿನ ವಿಷಯ.

ಮೊದಲು ಒಂದು ಪ್ರಶ್ನೆ. ಮನುಷ್ಯರಾದ ನಾವು ನಮ್ಮ ಕೆಲಸದ ಅವಧಿಯನ್ನು ಸರಿಯಾಗಿ ಅಂದಾಜು ಮಾಡಲಾರೆವೇ? ಪ್ರಾಕ್ಟಿಕಲ್ ರೆಕಾರ್ಡ್ ಬರೆಯಲು ಎರಡು ಸಂಜೆ ಸಾಕು ಎಂದುಕೊಂಡು, ಒಪ್ಪಿಸುವ ಹಿಂದಿನ ರಾತ್ರಿ ನಿದ್ದೆಗೆಟ್ಟು ಚಿತ್ರ ಬರೆದವರು ನಿಮ್ಮಲ್ಲಿ ಎಷ್ಟು ಮಂದಿ ಇಲ್ಲ! ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಪ್ರಬಂಧ ಎಷ್ಟು ದಿನಗಳಲ್ಲಿ ಮುಗಿಯುತ್ತದೆ ಎಂದು ಕೇಳಲಾಯಿತು. ಅವರು ಹೇಳಿದ್ದು ಸರಾಸರಿ ಸುಮಾರು 34 ದಿನ. ಎಲ್ಲವೂ ಕೆಟ್ಟದಾಗಿಯೇ ನಡೆದರೆ ಎಷ್ಟು ದಿನ ಬೇಕಾದೀತು ಎಂದಾಗ ಅವರ ಉತ್ತರ ಸುಮಾರು 49 ದಿನ. ನಿಜವಾಗಿ ತಗಲಿದ್ದು ಸರಾಸರಿ 55 ದಿನಕ್ಕೂ ಸ್ವಲ್ಪ ಹೆಚ್ಚು. ಅಂದರೆ ಅವರು ಕಲ್ಪಿಸಿಕೊಂಡ ಕೆಟ್ಟ ಪರಿಸ್ಥಿತಿಗಿಂತಲೂ ವಾಸ್ತವ ಹಿಂದೆ ಬಿದ್ದಿತ್ತು.

ಮನಸ್ಸಿನ ಈ ಸ್ವಭಾವಕ್ಕೆ 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ‘ಯೋಜನಾ ಭ್ರಮೆ’ ಎಂಬ ಅರ್ಥದ ಹೆಸರು ಕೊಟ್ಟರು. ಕಾನೆಮನ್ ಅವರು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದವರು. ಆದರೆ ಈ ಭ್ರಮೆಗೆ ಅವರೂ ಒಳಗಾಗಿದ್ದರು. 1970ರ ದಶಕದಲ್ಲಿ ಇಸ್ರೇಲಿನಲ್ಲಿ ಪ್ರೌಢಶಾಲೆಗಳಿಗೆ ಒಂದು ಪಠ್ಯಪುಸ್ತಕ ಸಿದ್ಧಪಡಿಸುವ ತಂಡದಲ್ಲಿ ಅವರಿದ್ದರು. ಕೆಲಸ ಮುಗಿಯಲು ಎಷ್ಟು ಕಾಲ ಬೇಕೆಂದು ಎಲ್ಲರೂ ಚೀಟಿಯಲ್ಲಿ ಬರೆದಾಗ ಬಂದ ಉತ್ತರ ಒಂದೂವರೆಯಿಂದ ಎರಡೂವರೆ ವರ್ಷ. ಆಗ ಕಾನೆಮನ್ ತಂಡದಲ್ಲಿದ್ದ ಅನುಭವಿ ತಜ್ಞರೊಬ್ಬರನ್ನು, ಇಂತಹ ಬೇರೆ ತಂಡಗಳಿಗೆ ಎಷ್ಟು ಕಾಲ ಹಿಡಿದಿತ್ತು ಎಂದು ಕೇಳಿದರು. ತಜ್ಞರು ಯೋಚಿಸಿ, ಸುಮಾರು ಶೇಕಡಾ 40ರಷ್ಟು ತಂಡಗಳು ಕೆಲಸವನ್ನು ಮುಗಿಸಲೇ ಇಲ್ಲ, ಮುಗಿಸಿದವರಿಗೆ ಏಳರಿಂದ ಹತ್ತು ವರ್ಷ ಹಿಡಿಯಿತು ಎಂದರು. ಸ್ವಾರಸ್ಯವೆಂದರೆ ಚೀಟಿಯಲ್ಲಿ ಆ ತಜ್ಞರೂ ಉಳಿದವರಂತೆಯೇ ಬರೆದಿದ್ದರು! ಕೊನೆಗೆ ಆ ಪುಸ್ತಕ ಮುಗಿಯಲು ಎಂಟು ವರ್ಷ ಬೇಕಾಯಿತು.

ಇಲ್ಲಿ ಗಮನಿಸಬೇಕಾದ ವಿಷಯವಿದೆ. ಅನುಭವ ಆ ತಜ್ಞರ ತಲೆಯಲ್ಲಿಯೇ ಇತ್ತು. ಆದರೆ ಅಂದಾಜು ಮಾಡುವಾಗ ಅವರು ಅದನ್ನು ತೆರೆದು ನೋಡಲಿಲ್ಲ. ನಾವು ನಮ್ಮ ಕೆಲಸವನ್ನು ಒಳಗಿನಿಂದ ನೋಡುತ್ತೇವೆ. ಮೊದಲು ಇದು, ಆಮೇಲೆ ಅದು ಎಂದು ಅಡ್ಡಿಯಿಲ್ಲದ ದಾರಿಯನ್ನು ಕಲ್ಪಿಸಿಕೊಳ್ಳುತ್ತೇವೆ. ಜ್ವರ ಬರುವುದು, ಕರೆಂಟು ಹೋಗುವುದು, ಗೆಳೆಯ ನೋಟ್ಸ್ ಹಿಂದಿರುಗಿಸದಿರುವುದು ಆ ಕಲ್ಪನೆಯಲ್ಲಿ ಬರುವುದಿಲ್ಲ. ಹೊರಗಿನಿಂದ ನೋಡುವುದೆಂದರೆ, “ಇಂತಹ ಕೆಲಸಗಳಿಗೆ ಹಿಂದೆ ಎಷ್ಟು ಕಾಲ ಹಿಡಿದಿತ್ತು?” ಎಂದು ಕೇಳುವುದು. ದರ್ಜಿ ಒಳಗಿನಿಂದ ನೋಡುತ್ತಾರೆ, ನಿಮ್ಮ ತಾಯಿ ಹೊರಗಿನಿಂದ ನೋಡುತ್ತಾರೆ.

ಈಗ ತಂತ್ರಾಂಶದ ಜಗತ್ತಿಗೆ ಬರೋಣ. ಬಸ್ಸಿನ ಸೀಟು ಕಾಯ್ದಿರಿಸುವಾಗ, ಪರೀಕ್ಷೆಯ ಫಲಿತಾಂಶ ನೋಡುವಾಗ, ಬ್ಯಾಂಕಿನಲ್ಲಿ ಹಣ ಕಟ್ಟುವಾಗ ನೀವು ಬಳಸುವುದು ತಂತ್ರಾಂಶವನ್ನೇ. ಸೇತುವೆ ಕಟ್ಟುವಾಗ ಎಷ್ಟು ಕಂಬ ಎದ್ದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ತಂತ್ರಾಂಶ ಕಾಣುವುದಿಲ್ಲ. ಹಿಂದೆ ನಮ್ಮ ಕೆಲವು ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ತಂತ್ರಾಂಶದ ಎಷ್ಟೋ ಕೆಲಸಗಳೂ ಹಾಗೆಯೇ. ಈ ವಾರ ಕೇಳಿದರೆ “ತೊಂಬತ್ತು ಭಾಗ ಮುಗಿದಿದೆ” ಎಂಬ ಉತ್ತರ. ಮುಂದಿನ ವಾರವೂ ಅದೇ ತೊಂಬತ್ತು ಭಾಗ.

ಈ ತೊಂದರೆ ಹೊಸದಲ್ಲ. 1968ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿಯ ಗಾರ್ಮಿಷ್ ಎಂಬಲ್ಲಿ ತಜ್ಞರು ಒಂದು ಸಮ್ಮೇಳನದಲ್ಲಿ ಸೇರಿದಾಗಲೇ, ತಂತ್ರಾಂಶಗಳು ಹೇಳಿದ ಕಾಲಕ್ಕೆ, ಹೇಳಿದ ವೆಚ್ಚದಲ್ಲಿ ಮುಗಿಯುತ್ತಿಲ್ಲ ಎಂಬ ಚಿಂತೆ ದೊಡ್ಡದಾಗಿ ಕೇಳಿಬಂದಿತ್ತು. ಅದೇ ದಶಕದಲ್ಲಿ ಐಬಿಎಂ ಸಂಸ್ಥೆ 1964ರಲ್ಲಿ ಘೋಷಿಸಿದ ಸಿಸ್ಟಂ 360 ಗಣಕಯಂತ್ರಗಳ ಕಾರ್ಯಾಚರಣಾ ವ್ಯವಸ್ಥೆಯ ತಂತ್ರಾಂಶ ತಡವಾಯಿತು. ಅದರ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ತಮ್ಮ ಅನುಭವವನ್ನು 1975ರಲ್ಲಿ ಪುಸ್ತಕವಾಗಿ ಬರೆದರು. ಹಿಂದೆ ಬಿದ್ದ ಯೋಜನೆಗೆ ಹೊಸಬರನ್ನು ತುಂಬಿದರೆ ಕೆಲಸ ಬೇಗ ಮುಗಿಯುವ ಬದಲು ಮತ್ತಷ್ಟು ಹಿಂದೆ ಬೀಳುತ್ತದೆ ಎಂಬುದು ಅವರ ಅನುಭವದ ಸಾರ.

ಇದಕ್ಕೆ ಕಾರಣವನ್ನು ನಿಮ್ಮ ಗಣಿತದಿಂದಲೇ ತಿಳಿಯಬಹುದು. ಮೂವರು ಒಟ್ಟಿಗೆ ಕೆಲಸ ಮಾಡಿದರೆ, ಒಬ್ಬರು ಇನ್ನೊಬ್ಬರೊಡನೆ ಮಾತನಾಡಬೇಕಾದ ಜೋಡಿಗಳು ಮೂರು. ಆರು ಜನರಾದರೆ 15 ಜೋಡಿಗಳು. ಹತ್ತು ಜನರಾದರೆ 45. ಜನ ಹೆಚ್ಚಿದಂತೆ ಕೈಗಳು ಹೆಚ್ಚುವುದಕ್ಕಿಂತ ವೇಗವಾಗಿ ಮಾತುಕತೆ ಹೆಚ್ಚುತ್ತದೆ. ಅದೂ ಅಲ್ಲದೆ ಹೊಸಬರಿಗೆ ಕಲಿಸಬೇಕಾದವರು ಹಳಬರೇ.

ತಡವಾದರೆ ಏನು ನಷ್ಟ ಎನ್ನುವಿರಾ? ಅಮೆರಿಕದ ಡೆನ್ವರ್ ನಗರದ ಹೊಸ ವಿಮಾನ ನಿಲ್ದಾಣ 1993ರ ಅಕ್ಟೋಬರ್‌ನಲ್ಲಿ ತೆರೆಯಬೇಕಾಗಿತ್ತು. ಪ್ರಯಾಣಿಕರ ಸಾಮಾನುಗಳನ್ನು ಸಾಗಿಸುವ, ಗಣಕಯಂತ್ರದಿಂದ ನಡೆಯುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡದಿದ್ದುದು ದೊಡ್ಡ ಅಡಚಣೆಯಾಗಿ, ನಿಲ್ದಾಣ ತೆರೆದದ್ದು 1995ರ ಫೆಬ್ರವರಿ ಕೊನೆಯಲ್ಲಿ. ರನ್‌ವೇಗಳಿದ್ದವು, ಕಟ್ಟಡವಿತ್ತು, ಆದರೂ ಸುಮಾರು 16 ತಿಂಗಳು ಕಾಯಬೇಕಾಯಿತು.

ಕಾಲವನ್ನು ಲೆಕ್ಕದಿಂದ ಅಳೆಯುವ ಪ್ರಯತ್ನಗಳೂ ಆಗಲೇ ನಡೆದಿದ್ದವು. ಅಮೆರಿಕದ ಬ್ಯಾರಿ ಬೋಮ್ ಎಂಬ ವಿಜ್ಞಾನಿ 63 ಯೋಜನೆಗಳ ದಾಖಲೆಗಳನ್ನು ಅಧ್ಯಯನ ಮಾಡಿ, 1981ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ತಂತ್ರಾಂಶದಲ್ಲಿ ಎಷ್ಟು ಸಾವಿರ ಸಾಲುಗಳಿರುತ್ತವೆ ಎಂದು ಹೇಳಿದರೆ, ಎಷ್ಟು ಜನ ಎಷ್ಟು ತಿಂಗಳು ದುಡಿಯಬೇಕು ಎಂಬುದನ್ನು ಅದು ಹೇಳುತ್ತಿತ್ತು. ಗಾತ್ರ ಎರಡು ಪಟ್ಟಾದರೆ ಶ್ರಮ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ ಎಂಬುದು ಅದರ ಒಂದು ಮುಖ್ಯ ತಿಳಿವಳಿಕೆ. ಆದರೆ ಕೆಲಸ ಆರಂಭವಾಗುವ ಮೊದಲೇ ಎಷ್ಟು ಸಾಲುಗಳಾಗುತ್ತವೆ ಎಂದು ಹೇಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆಯೇ. ಮೇಲಾಗಿ ಆ ಸೂತ್ರ ಇಡೀ ಯೋಜನೆಯ ಬಗ್ಗೆ ಹೇಳುತ್ತದೆಯೇ ಹೊರತು, ಈ ವಾರದ ಹತ್ತು ಕೆಲಸಗಳಲ್ಲಿ ಎಡವುವುದು ಯಾವುದು ಎಂಬುದನ್ನು ಹೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಲು ಸಾಧ್ಯವಾದದ್ದು ಕೆಲಸ ಮಾಡುವ ಪದ್ಧತಿ ಬದಲಾದ ಮೇಲೆ. ಇಂದು ದೊಡ್ಡ ಯೋಜನೆಯನ್ನು ಕೆಲವು ದಿನಗಳಲ್ಲಿ ಮುಗಿಯುವಂತಹ ಸಣ್ಣ ಸಣ್ಣ ಕೆಲಸಗಳಾಗಿ ಒಡೆಯುತ್ತಾರೆ. ಬಸ್ ಟಿಕೆಟ್ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಖಾಲಿ ಸೀಟುಗಳನ್ನು ತೋರಿಸುವುದು ಒಂದು ಕೆಲಸ. ಹಣ ಪಡೆಯುವುದು ಇನ್ನೊಂದು. ಟಿಕೆಟ್ ರದ್ದಾದರೆ ಹಣ ಹಿಂದಿರುಗಿಸುವುದು ಮತ್ತೊಂದು. ಪ್ರತಿಯೊಂದಕ್ಕೂ ಗಣಕಯಂತ್ರದಲ್ಲಿ ಒಂದು ಚೀಟಿ ತೆರೆಯುತ್ತಾರೆ. ಕೆಲಸದ ಮಾತಿನಲ್ಲಿ ಇದಕ್ಕೆ ಟಿಕೆಟ್ ಎಂದೇ ಹೆಸರು. ಬಸ್ಸಿನ ಟಿಕೆಟ್ಟಿನೊಡನೆ ಗೊಂದಲವಾಗದಿರಲೆಂದು ನಾವು ಚೀಟಿ ಎಂದೇ ಕರೆಯೋಣ. ಚೀಟಿಯಲ್ಲಿ ಕೆಲಸದ ವಿವರ, ಮಾಡುವವರ ಹೆಸರು, ಗಡುವು, ಎಷ್ಟು ತುರ್ತು, ಬೇರೆ ಯಾವ ಕೆಲಸಕ್ಕಾಗಿ ಕಾಯಬೇಕು, ಯಾವಾಗ ಮುಗಿಯಿತು ಎಂಬುದೆಲ್ಲ ದಾಖಲಾಗುತ್ತದೆ. ಕೆಲವು ವರ್ಷಗಳಲ್ಲಿ ಇಂತಹ ಸಾವಿರಾರು ಚೀಟಿಗಳು ಸೇರುತ್ತವೆ. ನಿಮ್ಮ ತಾಯಿಯ ನೆನಪು ಇಲ್ಲಿ ದಾಖಲೆಯ ರೂಪದಲ್ಲಿದೆ.

ಯಂತ್ರ ಕಲಿಕೆ ಎಂದರೇನು? ಮಾಮೂಲಿ ತಂತ್ರಾಂಶದಲ್ಲಿ ನಿಯಮಗಳನ್ನು ನಾವೇ ಬರೆಯುತ್ತೇವೆ. ಯಂತ್ರ ಕಲಿಕೆಯಲ್ಲಿ ಉದಾಹರಣೆಗಳನ್ನು ಕೊಡುತ್ತೇವೆ. ನಿಯಮವನ್ನು ಯಂತ್ರವೇ ಹುಡುಕಿಕೊಳ್ಳುತ್ತದೆ. ಐಬಿಎಂನ ಆರ್ಥರ್ ಸ್ಯಾಮ್ಯುಯೆಲ್ ಅವರು 1959ರಲ್ಲೇ ಚೆಕರ್ಸ್ ಎಂಬ ಚದುರಂಗದಂತಹ ಮಣೆ ಆಟವನ್ನು ಆಡಿ ಆಡಿಯೇ ಉತ್ತಮಗೊಳ್ಳುವ ಕಾರ್ಯಕ್ರಮದ ಬಗ್ಗೆ ಬರೆದಿದ್ದರು.

ಯಂತ್ರ ನಿಯಮ ಹುಡುಕುವ ಬಗೆಯನ್ನು ಒಂದು ಲೆಕ್ಕದಿಂದ ನೋಡೋಣ. ನಮ್ಮ ಬಳಿ 100 ಹಳೆಯ ಚೀಟಿಗಳಿವೆ, ಅವುಗಳಲ್ಲಿ 40 ತಡವಾಗಿವೆ ಎಂದುಕೊಳ್ಳಿ. ಯಂತ್ರ ಒಂದು ಪ್ರಶ್ನೆ ಕೇಳಿ ಚೀಟಿಗಳನ್ನು ಎರಡು ಗುಂಪು ಮಾಡುತ್ತದೆ. “ಚೀಟಿ ತೆರೆದದ್ದು ಬೆಳಿಗ್ಗೆಯೋ, ಮಧ್ಯಾಹ್ನವೋ?” ಎಂದು ಕೇಳಿದಾಗ ಒಂದೊಂದು ಗುಂಪಿಗೆ 50 ಚೀಟಿ ಬಂದು, ಎರಡರಲ್ಲೂ 20 ತಡವಾದವು ಇದ್ದರೆ, ಆ ಪ್ರಶ್ನೆಯಿಂದ ಏನೂ ತಿಳಿಯಲಿಲ್ಲ. “ಈ ಕೆಲಸ ಇನ್ನೊಬ್ಬರ ಕೆಲಸಕ್ಕಾಗಿ ಕಾಯಬೇಕೇ?” ಎಂದು ಕೇಳಿದಾಗ, ಹೌದು ಎಂಬ 40 ಚೀಟಿಗಳಲ್ಲಿ 30, ಇಲ್ಲ ಎಂಬ 60ರಲ್ಲಿ ಕೇವಲ 10 ತಡವಾಗಿದ್ದರೆ? ಇದು ಬೆಲೆಯುಳ್ಳ ಪ್ರಶ್ನೆ. ಯಂತ್ರ ಎಲ್ಲ ಪ್ರಶ್ನೆಗಳನ್ನೂ ಪರೀಕ್ಷಿಸಿ, ಚೆನ್ನಾಗಿ ಬೇರ್ಪಡಿಸುವುದನ್ನು ಆರಿಸಿಕೊಳ್ಳುತ್ತದೆ. ಆಮೇಲೆ ಒಂದೊಂದು ಗುಂಪಿನೊಳಗೂ ಮುಂದಿನ ಪ್ರಶ್ನೆ. ಹೀಗೆ ಕೊಂಬೆ ಒಡೆಯುತ್ತಾ ಹೋಗುವ ಈ ರಚನೆಗೆ ನಿರ್ಣಯ ವೃಕ್ಷ ಎಂದು ಹೆಸರು. “ಹಬ್ಬವೋ ಆಷಾಢವೋ?” ಎಂಬುದು ನಿಮ್ಮ ತಾಯಿಯ ವೃಕ್ಷದ ಮೊದಲ ಕೊಂಬೆ.

ಒಂದೇ ಮರವನ್ನು ನಂಬಿದರೆ ಅದು ಹಳೆಯ ಚೀಟಿಗಳನ್ನು ಬಾಯಿಪಾಠ ಮಾಡಿಬಿಡುವ ಅಪಾಯವಿದೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಉರು ಹೊಡೆದ ವಿದ್ಯಾರ್ಥಿ ಹೊಸ ಪ್ರಶ್ನೆಗೆ ತಬ್ಬಿಬ್ಬಾಗುವಂತೆ ಅದೂ ತಬ್ಬಿಬ್ಬಾಗುತ್ತದೆ. ಆದ್ದರಿಂದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಲಿಯೊ ಬ್ರೈಮನ್ 2001ರಲ್ಲಿ ಒಂದು ವಿಧಾನವನ್ನು ವಿವರಿಸಿದರು. ನೂರಾರು ಮರಗಳನ್ನು ಬೆಳೆಸುವುದು, ಪ್ರತಿ ಮರಕ್ಕೂ ದಾಖಲೆಗಳ ಬೇರೆ ಬೇರೆ ಭಾಗವನ್ನು ತೋರಿಸುವುದು, ಕೊನೆಗೆ ಎಲ್ಲವುಗಳ ಮತ ಎಣಿಸುವುದು. ಒಬ್ಬರ ಮಾತಿಗಿಂತ ಪಂಚಾಯಿತಿಯ ಮಾತು ಮೇಲು ಎಂಬಂತೆ. ಕೆಲಸಗಳ ವಿಳಂಬವನ್ನು ಊಹಿಸಲು ಈ ವಿಧಾನ ಬಹಳವಾಗಿ ಬಳಕೆಯಲ್ಲಿದೆ.

ಇದು ಬರಿಯ ಕಲ್ಪನೆಯಲ್ಲ. ಆಸ್ಟ್ರೇಲಿಯಾದ ವೊಲಂಗಾಂಗ್ ವಿಶ್ವವಿದ್ಯಾಲಯದ ಸಂಶೋಧಕರು 2015ರಿಂದ ಪ್ರಕಟಿಸಿದ ಅಧ್ಯಯನಗಳಲ್ಲಿ ಅಪಾಚೆ, ಮೂಡಲ್ ಮೊದಲಾದ ಮುಕ್ತ ತಂತ್ರಾಂಶ ಯೋಜನೆಗಳ ಚೀಟಿಗಳನ್ನು ಪರಿಶೀಲಿಸಿದರು. ಮೂಡಲ್ ಎಂಬುದು ಅನೇಕ ಕಾಲೇಜುಗಳು ಪಾಠಗಳನ್ನು, ಪರೀಕ್ಷೆಗಳನ್ನು ನಡೆಸಲು ಬಳಸುವ ತಂತ್ರಾಂಶ. ನಿಮ್ಮಲ್ಲಿ ಕೆಲವರು ಅದನ್ನು ಬಳಸಿರಲೂಬಹುದು. ಕೆಲಸ ಎಷ್ಟು ದಿನ ಚರ್ಚೆಯಲ್ಲೇ ಉಳಿಯಿತು, ಎಷ್ಟು ಸಲ ಮುಗಿಯಿತೆಂದು ಮುಚ್ಚಿ ಮತ್ತೆ ತೆರೆಯಲಾಯಿತು, ವಿವರ ಎಷ್ಟು ಸಲ ಬದಲಾಯಿತು, ಮಾಡುವವರ ಕೈಯಲ್ಲಿ ಇನ್ನೆಷ್ಟು ಕೆಲಸಗಳಿವೆ ಎಂಬಂತಹ ಸುಳಿವುಗಳನ್ನು ಅವರು ಯಂತ್ರಕ್ಕೆ ಕೊಟ್ಟರು. ಕೆಲಸಗಳು ಒಂದಕ್ಕೊಂದು ಹೆಣೆದುಕೊಂಡಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಮುಂದಿನ ಗಾಡಿ ನಿಂತರೆ ಹಿಂದಿನದೂ ನಿಲ್ಲಬೇಕಲ್ಲವೇ? ನೆದರ್ಲೆಂಡ್ಸ್‌ನ ಐಎನ್‌ಜಿ ಬ್ಯಾಂಕಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಕೆಲಸಗಳ ಪರಸ್ಪರ ಅವಲಂಬನೆ ಗಡುವನ್ನು ಕಾಡುವ ಮುಖ್ಯ ಅಂಶಗಳಲ್ಲಿ ಒಂದಾಗಿ ಕಂಡುಬಂತು.

ಇನ್ನು ಯಂತ್ರದ ಮಾತನ್ನು ನಂಬುವುದು ಹೇಗೆ? ಪರೀಕ್ಷೆ ಮಾಡಿಯೇ ನಂಬಬೇಕು. ಪರೀಕ್ಷೆಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಊಹೆ ಮಾಡುವ ದಿನದಂದು ತಿಳಿದಿದ್ದ ಸಂಗತಿಗಳನ್ನು ಮಾತ್ರ ಯಂತ್ರಕ್ಕೆ ಕೊಡಬೇಕು. ಗಡುವು ದಾಟಿದ ಮೇಲೆ ಯಾರೋ ಚೀಟಿಯಲ್ಲಿ “ತಡವಾದದ್ದಕ್ಕೆ ಕ್ಷಮಿಸಿ” ಎಂದು ಬರೆದಿರುತ್ತಾರೆ. ಆ ಸಾಲನ್ನೂ ಯಂತ್ರ ಓದಿದರೆ, ಅದು ಬಯಲಾದ ಪ್ರಶ್ನೆಪತ್ರಿಕೆಯನ್ನು ನೋಡಿ ನೂರಕ್ಕೆ ನೂರು ಪಡೆದಂತೆ. ಆದ್ದರಿಂದ ಹಿಂದಿನ ವರ್ಷಗಳ ಚೀಟಿಗಳಿಂದ ಕಲಿಸಿ, ಆಮೇಲಿನ ವರ್ಷದ ಚೀಟಿಗಳ ಮೇಲೆ ಪರೀಕ್ಷಿಸುತ್ತಾರೆ.

ಅಂಕಗಳಲ್ಲೂ ಮೋಸ ಹೋಗಬಾರದು. ಹೊಸದಾಗಿ 1000 ಚೀಟಿಗಳು ಬಂದವು, ಅವುಗಳಲ್ಲಿ 250 ತಡವಾದವು ಎಂದುಕೊಳ್ಳಿ. ಏನನ್ನೂ ಕಲಿಯದ ಒಂದು ಮೊದ್ದು ಯಂತ್ರ ಎಲ್ಲಕ್ಕೂ “ಸಕಾಲಕ್ಕೆ ಮುಗಿಯುತ್ತದೆ” ಎಂದಿತು. ಅದರ ಉತ್ತರ 750 ಸಲ ಸರಿ! ಶೇಕಡಾ 75 ಅಂಕ ಬಂದರೂ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಇನ್ನೊಂದು ಯಂತ್ರ 200 ಚೀಟಿಗಳ ಮೇಲೆ ಕೆಂಪು ಗುರುತು ಹಾಕಿತು, ಅವುಗಳಲ್ಲಿ 150 ನಿಜವಾಗಿಯೂ ತಡವಾದವು. ಅಂದರೆ ಅದರ ನಾಲ್ಕು ಎಚ್ಚರಿಕೆಗಳಲ್ಲಿ ಮೂರು ನಿಜ. ಆದರೆ ತಡವಾದ 250ರಲ್ಲಿ 100 ಅದರ ಕಣ್ಣು ತಪ್ಪಿದವು. ಅಂದರೆ ಹಿಡಿದದ್ದು ಶೇಕಡಾ 60 ಮಾತ್ರ. ಎಚ್ಚರಿಸಿದ್ದರಲ್ಲಿ ಎಷ್ಟು ನಿಜ, ನಿಜವಾದದ್ದರಲ್ಲಿ ಎಷ್ಟನ್ನು ಎಚ್ಚರಿಸಿತು: ಈ ಎರಡನ್ನೂ ಕೇಳದೆ ಯಾವ ಯಂತ್ರವನ್ನೂ ಹೊಗಳಬೇಡಿ.

ಹೆಸರು ದೊಡ್ಡದಾದ ಮಾತ್ರಕ್ಕೆ ವಿಧಾನ ದೊಡ್ಡದಾಗುವುದಿಲ್ಲ ಎಂಬುದಕ್ಕೂ ಉದಾಹರಣೆಯಿದೆ. ಚೀಟಿಯಲ್ಲಿರುವ ಬರಹವನ್ನು ಓದಿ ಕೆಲಸದ ಗಾತ್ರವನ್ನು ಅಂದಾಜು ಮಾಡುವ, ಆಳ ಕಲಿಕೆ ಎಂಬ ನವೀನ ತಂತ್ರದ ಒಂದು ಪ್ರಸಿದ್ಧ ಯಂತ್ರವನ್ನು ಲಂಡನ್ನಿನ ಸಂಶೋಧಕರು ಮತ್ತೆ ಪರೀಕ್ಷಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆಯ ಅಂದಾಜುಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಹೇಳುವ, ಅಂದರೆ ನೀವು ಶಾಲೆಯಲ್ಲಿ ಕಲಿತ ಮಧ್ಯಾಂಕವನ್ನು ಬಳಸುವ ಸರಳ ವಿಧಾನಕ್ಕಿಂತ ಅದು ಸ್ಪಷ್ಟವಾಗಿ ಮೇಲೆನಿಸಿದ್ದು ಕೆಲವೇ ಸಂದರ್ಭಗಳಲ್ಲಿ. ಸರಳವಾದುದರೊಡನೆ ಹೋಲಿಸಿ ನೋಡದೆ ಹೊಸದನ್ನು ಒಪ್ಪಬಾರದು ಎಂಬುದೇ ಇದರ ಪಾಠ.

ವಿದ್ಯಾರ್ಥಿ ಮಿತ್ರರೇ, ಇದುವರೆಗೆ ಲೆಕ್ಕದ ಮಾತಾಯಿತು. ಈಗ ಮನುಷ್ಯರ ಮಾತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದ ನಂತರ ನಮ್ಮ ರಾಜ್ಯದಲ್ಲಿ ಈ ಉದ್ಯಮ ಬೆಳೆದ ಪರಿ ನಿಮಗೆ ಗೊತ್ತು. ನಿಮ್ಮಲ್ಲಿ ಎಷ್ಟೋ ಜನರ ಹೆಸರು ಮುಂದೊಂದು ದಿನ ಇಂತಹ ಚೀಟಿಯ ಮೇಲಿರುತ್ತದೆ. ಆದ್ದರಿಂದ ಇದನ್ನು ಗಮನವಿಟ್ಟು ಕೇಳಿ.

ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಯುವತಿಯನ್ನು ಊಹಿಸಿಕೊಳ್ಳಿ. ಆಕೆಯ ಚೀಟಿಯ ಮೇಲೆ ಯಂತ್ರ “ತಡವಾಗುವ ಸಂಭವ ಶೇಕಡಾ 70” ಎಂದು ಕೆಂಪು ಗುರುತು ಹಾಕಿದೆ. ಒಬ್ಬ ಮುಖ್ಯಸ್ಥರು ಅದನ್ನು ನೋಡಿ, “ಯಾಕಮ್ಮಾ, ನಿನ್ನ ಕೆಲಸ ಹಿಂದೆ ಬೀಳುತ್ತದಂತೆ?” ಎಂದು ಎಲ್ಲರೆದುರು ಕೇಳುತ್ತಾರೆ. ಇನ್ನೊಬ್ಬರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, “ಇದರಲ್ಲಿ ನಿನಗೆ ಅಡ್ಡಿಯಾಗಿರುವುದು ಏನು? ಯಾರಿಗಾಗಿ ಕಾಯುತ್ತಿದ್ದೀಯ?” ಎಂದು ಕೇಳುತ್ತಾರೆ. ಯಂತ್ರ ಒಂದೇ, ಸಂಖ್ಯೆ ಒಂದೇ. ಮುಂದೆ ಆಗುವುದು ಮಾತ್ರ ಬೇರೆ ಬೇರೆ.

ಮೊದಲನೆಯ ಕಚೇರಿಯಲ್ಲಿ ಆಕೆ ಬೇಗನೆ ಒಂದು ವಿದ್ಯೆ ಕಲಿಯುತ್ತಾಳೆ. ಎರಡು ದಿನದ ಕೆಲಸಕ್ಕೆ ಆರು ದಿನದ ಗಡುವು ಕೇಳುತ್ತಾಳೆ. ಅರ್ಧ ಮುಗಿದ ಕೆಲಸವನ್ನು ಮುಗಿಯಿತೆಂದು ಮುಚ್ಚಿ, ಉಳಿದದ್ದಕ್ಕೆ ಹೊಸ ಚೀಟಿ ತೆರೆಯುತ್ತಾಳೆ. ಕಷ್ಟದ ಕೆಲಸ ಬಂದಾಗ ತಲೆ ತಗ್ಗಿಸಿ ಕೂರುತ್ತಾಳೆ. ಆಕೆಯಂತೆಯೇ ಎಲ್ಲರೂ. ಚೀಟಿಗಳು ಸುಳ್ಳು ಹೇಳತೊಡಗಿದ ಮೇಲೆ, ಅವುಗಳಿಂದ ಕಲಿಯುವ ಯಂತ್ರವೂ ಸುಳ್ಳನ್ನೇ ಕಲಿಯುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸಿನ ವಿಚಾರದಲ್ಲಿ ಹೇಳಿದ ಮಾತೊಂದು ಇಲ್ಲಿಗೂ ಸಲ್ಲುತ್ತದೆ: ಅಳತೆಗೋಲನ್ನೇ ಗುರಿಯಾಗಿ ಮಾಡಿದರೆ ಅದು ಅಳೆಯುವ ಗುಣವನ್ನು ಕಳೆದುಕೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ.

ಇನ್ನೊಂದು ಸೂಕ್ಷ್ಮವಿದೆ. ತಂಡದಲ್ಲಿ ಅತ್ಯಂತ ಸಮರ್ಥರಾದವರಿಗೆ ಅತ್ಯಂತ ಕಠಿಣ ಕೆಲಸಗಳನ್ನು ಕೊಡುವುದು ವಾಡಿಕೆ. ಕಠಿಣ ಕೆಲಸಗಳು ಹೆಚ್ಚಾಗಿ ತಡವಾಗುತ್ತವೆ. ದಾಖಲೆಗಳನ್ನು ಮಾತ್ರ ನೋಡುವ ಯಂತ್ರ, ಈ ಹೆಸರಿದ್ದರೆ ತಡ ಎಂದು ಕಲಿತುಬಿಡಬಹುದು. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೆಚ್ಚು ಸಾವುಗಳಾಗುತ್ತವೆ ಎಂದು ಅಲ್ಲಿನ ವೈದ್ಯರು ಅಸಮರ್ಥರೆನ್ನುವುದು ಸರಿಯೇ? ಗಂಭೀರ ರೋಗಿಗಳು ಬರುವುದೇ ಅಲ್ಲಿಗೆ. ಎರಡು ಸಂಗತಿಗಳು ಜೊತೆಯಾಗಿ ಕಂಡಾಗ ಒಂದು ಇನ್ನೊಂದಕ್ಕೆ ಕಾರಣವೆಂದು ತೀರ್ಮಾನಿಸಬಾರದು. ಯಂತ್ರಕ್ಕೆ ಕಾರಣ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹೋಲಿಕೆ ಮಾತ್ರ. ಚೀಟಿಯಲ್ಲಿ ಬರೆಯದ ಸಂಗತಿಗಳು, ಉದಾಹರಣೆಗೆ ಮನೆಯಲ್ಲಿ ತಂದೆಗೆ ಕಾಯಿಲೆ ಎಂಬುದು, ಅದಕ್ಕೆ ತಿಳಿಯುವುದೇ ಇಲ್ಲ.

ಎರಡನೆಯ ಕಚೇರಿಯಲ್ಲಿ ಏನಾಗುತ್ತದೆ? ಆಕೆ, “ಹಣ ಹಿಂದಿರುಗಿಸುವ ನಿಯಮ ಇನ್ನೂ ಯಾರೂ ಖಚಿತಪಡಿಸಿಲ್ಲ ಸಾರ್” ಎಂದು ಬಾಯಿಬಿಟ್ಟು ಹೇಳುತ್ತಾಳೆ. ಮುಖ್ಯಸ್ಥರು ಅಂದೇ ವಿಚಾರಿಸುತ್ತಾರೆ. ಕೆಲಸ ಸಕಾಲಕ್ಕೆ ಮುಗಿಯುತ್ತದೆ. ಹಾಗಾದರೆ ಯಂತ್ರದ ಭವಿಷ್ಯ ಸುಳ್ಳಾಯಿತೇ? ನದಿಯಲ್ಲಿ ನೀರು ಏರುತ್ತಿದೆಯೆಂದು ಎಚ್ಚರಿಕೆ ಬಂದು, ಜನರು ಎತ್ತರದ ಜಾಗಕ್ಕೆ ಹೋಗಿ ಪ್ರಾಣ ಉಳಿಸಿಕೊಂಡರೆ, ಎಚ್ಚರಿಕೆ ಸಾರ್ಥಕವಾಯಿತು ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ. ವಿಳಂಬದ ಮುನ್ಸೂಚನೆ ಶಿಕ್ಷೆಗೆ ಆಧಾರವಾದರೆ ಅದು ತನ್ನ ಬೇರನ್ನು ತಾನೇ ಕಡಿದುಕೊಳ್ಳುತ್ತದೆ. ಸಹಾಯಕ್ಕೆ ಕರೆಯುವ ಗಂಟೆಯಾದರೆ ಮಾತ್ರ ಅದು ಬಾಳುತ್ತದೆ. ಏಕೆಂದರೆ ಅದು ನಿಂತಿರುವುದು ನಿಜವಾದ ದಾಖಲೆಯ ಮೇಲೆ, ಮತ್ತು ಹೆದರಿದವರು ನಿಜ ಬರೆಯುವುದಿಲ್ಲ.

ಕೊನೆಯದಾಗಿ, ಇದನ್ನೆಲ್ಲ ಕೇಳಿ ನೀವು ಇಂದೇ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ಇದಕ್ಕೆ ಗಣಕಯಂತ್ರ ಬೇಡ. ಒಂದು ನೋಟ್‌ಬುಕ್ ಮತ್ತು ಪೆನ್ನು ಸಾಕು. ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಕೆಲಸ: ಒಂದು ಅಧ್ಯಾಯ ಓದುವುದು, ಹತ್ತು ಲೆಕ್ಕ ಮಾಡುವುದು, ರೆಕಾರ್ಡಿನ ಒಂದು ಪ್ರಯೋಗ ಬರೆಯುವುದು. ಎರಡನೆಯದರಲ್ಲಿ, ಆರಂಭಿಸುವ ಮೊದಲು ನಿಮ್ಮ ಅಂದಾಜು. ಮೂರನೆಯದರಲ್ಲಿ ನಿಜವಾಗಿ ಹಿಡಿದ ಸಮಯ. ನಾಲ್ಕನೆಯದರಲ್ಲಿ ಮೂರನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ಸಂಖ್ಯೆ. ಒಂದು ಗಂಟೆ ಎಂದುಕೊಂಡದ್ದು ಒಂದೂವರೆ ಗಂಟೆಯಾದರೆ 1.5 ಎಂದು ಬರೆಯಿರಿ. ಅರ್ಧಕ್ಕೆ ಬಿಟ್ಟ ಕೆಲಸಗಳನ್ನೂ ಬಿಡದೆ ಗುರುತಿಸಿಕೊಳ್ಳಿ. ಅವುಗಳನ್ನು ಮರೆತರೆ ದಾಖಲೆ ನಿಮ್ಮನ್ನು ಹೊಗಳತೊಡಗುತ್ತದೆ.

ಇಪ್ಪತ್ತೈದು ಕೆಲಸಗಳಾದ ಮೇಲೆ ನಾಲ್ಕನೆಯ ಕಾಲಮ್ಮಿನ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು, ಅಂದರೆ ಹದಿಮೂರನೆಯದನ್ನು ನೋಡಿ. ಅದು 1.6 ಆಗಿದ್ದರೆ, ಮುಂದಿನ ಸಲ ನಿಮ್ಮ ಮನಸ್ಸು “ಎರಡು ಸಂಜೆ ಸಾಕು” ಎಂದಾಗ, ಮೂರು ಸಂಜೆಗಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಣಿತಕ್ಕೆ ಎಷ್ಟು, ಭಾಷೆಗೆ ಎಷ್ಟು, ಒಬ್ಬರೇ ಮಾಡಿದಾಗ ಎಷ್ಟು, ಗೆಳೆಯರಿಗಾಗಿ ಕಾಯಬೇಕಾದಾಗ ಎಷ್ಟು ಎಂದು ಬೇರ್ಪಡಿಸಿ. ಆಗ ನೀವೇ ಒಂದು ಪುಟ್ಟ ನಿರ್ಣಯ ವೃಕ್ಷವನ್ನು ಬೆಳೆಸಿದಂತಾಗುತ್ತದೆ.

ಆ ಪುಸ್ತಕವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಅದರಲ್ಲಿ ನಿಜವನ್ನು ಮಾತ್ರ ಬರೆಯಿರಿ. ಮುಂದೆ ನೀವು ಒಂದು ತಂಡದ ಮುಖ್ಯಸ್ಥರಾಗಿ, ನಿಮ್ಮ ಮುಂದೆ ಯಾರದೋ ಹೆಸರಿನ ಚೀಟಿಯ ಮೇಲೆ ಕೆಂಪು ಗುರುತು ಕಂಡಾಗ, ಈ ಪುಟಗಳನ್ನು ನೆನಪಿಸಿಕೊಳ್ಳಿ. ಒಮ್ಮೆ ನಿಮ್ಮ ಅಂದಾಜೂ ತಪ್ಪಿತ್ತು. ಆಗ ನಿಮಗೆ ಬೇಕಾಗಿದ್ದದ್ದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, “ಏನು ಅಡ್ಡಿ?” ಎಂದು ಕೇಳುವ ಒಬ್ಬರು.